ಕಲ್ಯಾಣ ಮಂಟಪದ ಹಿಂಬಾಗಿಲ ಅಕ್ಕ

ಮೊನ್ನೆ ನೀವು ಮೊಮ್ಮಕ್ಕಳೆಲ್ಲ ಸೇರಿ ನಕ್ಕಿರಿ. ಮದುಮಗಳಾಗಲಿರುವ ನೀನೇ ಎಲ್ಲರಿಗಿಂತ ಹೆಚ್ಚು ನಕ್ಕೆ. ಹುಬ್ಬಳ್ಳಿಯಲ್ಲಿ ನಿನ್ನ ಮದುವೆಗೆಂದು ಗೊತ್ತು ಮಾಡಿದ ದೊಡ್ಡ ಕನ್ವೆನ್ಷನ್ ಸೆಂಟರಿನ ಬಣ್ಣದ ಪುಸ್ತಕ ನಿನ್ನ ಕೈಯಲ್ಲಿತ್ತು. ಒಂದೊಂದೇ ಓದಿ ಹೇಳುತ್ತಿದ್ದೆ. ಕಾರು ನಿಲ್ಲಿಸಲು ನೆಲದ ಕೆಳಗೆ ಎರಡು ಅಂತಸ್ತು. ಊಟದ ಮನೆಗೆ ಹತ್ತಿ ಹೋಗಲು ತಾನೇ ಚಲಿಸುವ ಮೆಟ್ಟಿಲು. ಬೇಕೆಂದರೆ ಒಂದೇ ದೊಡ್ಡ ಹಾಲು, ಬೇಡವೆಂದರೆ ನಡುವೆ ಗೋಡೆ ಎಳೆದು ಮೂರು ಹಾಲು. ಎಲ್ಲೆಲ್ಲೂ ತಣ್ಣನೆಯ ಗಾಳಿ. ಕೂಸಿಗೆ ಹಾಲುಣಿಸುವ ತಾಯಂದಿರಿಗೆ ಬೇರೆ ಕೋಣೆ. ವೇದಿಕೆಯ ಮೇಲೆ ನಡೆಯುವುದು ಹಿಂದೆ ಕೂತವರಿಗೂ ಕಾಣಲೆಂದು ಗೋಡೆಯಷ್ಟು ದೊಡ್ಡ ಪರದೆ.

ಎಲ್ಲ ಕೇಳಿದ ಮೇಲೆ ನಾನು ಮೆಲ್ಲಗೆ, "ಹೆಣ್ಣುಮಕ್ಕಳಿಗೆ ಹೊರಕಡಿಗೆ ಹೋಗಾಕ ಎಲ್ಲಿ ಮಾಡ್ಯಾರ?" ಎಂದೆ.

"ಅಜ್ಜಿ, ಆಸ್ಪತ್ರಿಗೆ ಹೋದರೂ ಇದನ್ನೇ ಕೇಳ್ತಿ, ಬಸ್ ಸ್ಟ್ಯಾಂಡಿನಾಗೂ ಇದನ್ನೇ ಕೇಳ್ತಿ, ಈಗ ನನ್ನ ಮದುವಿ ಹಾಲಿಗೂ ಇದನ್ನೇ ಕೇಳ್ತಿಯಲ್ಲ" ಎಂದು ನೀನು ಹೊಟ್ಟೆ ಹಿಡಿದುಕೊಂಡೆ. ನಾನೂ ನಕ್ಕು ಒಳಗೆ ಹೋದೆ. ನನ್ನ ಕಿವಿ ಬಿಸಿಯಾಗಿದ್ದು ನಿಮಗೆ ಕಾಣಲಿಲ್ಲ.

ಆ ಪ್ರಶ್ನೆ ನನ್ನದಲ್ಲ. ಅದು ಒಬ್ಬ ಅಕ್ಕನದು. ಅವರ ವಿಷಯವನ್ನು ನಿಮ್ಮೆದುರು ಕೂತು ಹೇಳಲು ನನ್ನಿಂದಾಗದು. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಎಂದೂ ಬರಲಿಲ್ಲ. ತಂಬ್ರಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೆ ಬರೆಯುತ್ತಿದ್ದೇನೆ. ಬರೆಯಲೂ ನಾಚಿಕೆಯಾಗುತ್ತದೆ. ಓದುವಾಗ ನಿಮಗೂ ಆದೀತು. ಆದರೂ ಓದಿರಿ. ಅಕ್ಕನ ಹೆಸರು ಮಾತ್ರ ಬರೆಯುವುದಿಲ್ಲ.

ನಾನು ಸೊಸೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದ ಮರುದಿನದ ಮಾತು. ಮನೆ ತುಂಬ ನೆಂಟರು. ಹಿಂದಿನ ದಿನ ಹೊತ್ತು ಮುಳುಗುವಾಗ ತವರಿನಲ್ಲಿ ಹೊರಗೆ ಹೋಗಿ ಬಂದವಳು ನಾನು. ಬೆಳಗಾಗಿ ಬಿಸಿಲೇರಿದರೂ ಯಾರೂ ನನ್ನನ್ನು ಕರೆದುಕೊಂಡು ಹೋಗಿರಲಿಲ್ಲ. ಹೊಸ ಸೊಸೆ ಬಾಯಿಬಿಟ್ಟು ಕೇಳುವ ಮಾತೇ ಅದು? ನೋಡಲು ಬಂದ ಹೆಂಗಸರು ಬಂಗಾರ ಎಷ್ಟು ಹಾಕಿದರು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ವಿಚಾರಿಸುತ್ತಿದ್ದರು. ನಾನು ಕಾಲ ಮೇಲೆ ಕಾಲು ಒತ್ತಿಕೊಂಡು ಕೂತಿದ್ದೆ.

ಆಗ ಹಿತ್ತಲ ಬಾಗಿಲಿನಿಂದ ಒಬ್ಬರು ಬಂದರು. ಹಣೆಯ ಮೇಲೆ ಮೂರು ಎಳೆ ವಿಭೂತಿ, ಬಳೆಯಿಲ್ಲದ ಕೈ, ಅಗಲವಾದ ಮುಖ. ಗೋಡೆಯಾಚೆಯ ಮನೆಯವರು, ಜವಳಿ ಅಂಗಡಿಯವರು. ಗಂಡ ತೀರಿಹೋಗಿದ್ದರಿಂದ ಶುಭಕಾರ್ಯದ ಮನೆಗೆ ಮುಂಬಾಗಿಲಿನಿಂದ ಬರುತ್ತಿರಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿದವರೇ ನಮ್ಮ ಅತ್ತೆಯ ಕಡೆ ತಿರುಗಿದರು.

"ಬಂಗಾರ ಆಮ್ಯಾಲ ಎಣಿಸ್ರಿ. ಈ ಹುಡುಗಿಗೆ ಹೊರಕಡಿಗೆ ಹೋಗೋ ಜಾಗ ತೋರಿಸೀರೇನವ್ವ?"

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಭೂಮಿ ಬಾಯಿ ಬಿಟ್ಟರೆ ಇಳಿದು ಹೋಗುತ್ತೇನೆ ಎನ್ನಿಸಿತು ನನಗೆ. ಅಕ್ಕ ನನ್ನ ಕೈಗೆ ತಂಬಿಗೆ ಕೊಟ್ಟು, ರಟ್ಟೆ ಹಿಡಿದು ಎಬ್ಬಿಸಿ, ಹಿತ್ತಲಾಚೆಯ ಜಾಲಿ ಪೊದೆಗಳ ಕಡೆಗೆ ಕರೆದೊಯ್ದರು. ದಾರಿಯಲ್ಲಿ ಒಂದೇ ಮಾತು ಆಡಿದ್ದು: "ಇದರಾಗ ನಾಚಿಕಿ ಪಡೋದು ಏನೈತಿ ತಂಗಿ? ಉಣ್ಣೋದಕ್ಕ ನಾಚ್ಕೊಂತೀಯೇನು?"

ನನಗಂತೂ ಎರಡಕ್ಕೂ ನಾಚಿಕೆಯಾಗುತ್ತಿತ್ತು.

ಅಕ್ಕನ ಅಂಗಡಿ ಬಜಾರಿನ ತಿರುವಿನಲ್ಲಿತ್ತು. ಗಂಡ ಬಿಟ್ಟುಹೋದ ಅಂಗಡಿಯನ್ನು ಮೈದುನರಿಗೆ ಕೊಡದೆ ತಾವೇ ಗಾದಿಯ ಮೇಲೆ ಕೂತಿದ್ದರು. ಬಟ್ಟೆಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಸರ್ರನೆ ಹರಿಯುತ್ತಿದ್ದರು. ಆ ಸದ್ದು ಬೀದಿಗೆ ಕೇಳಿಸುತ್ತಿತ್ತು. ಅವರ ದನಿಯೂ ಹಾಗೆಯೇ. ಗುಟ್ಟಿನ ಮಾತನ್ನು ಮೆಲ್ಲಗೆ ಆಡಲು ಅವರಿಗೆ ಬರುತ್ತಿರಲಿಲ್ಲ. ಲಂಗದ ಬಟ್ಟೆಗೆ ಬಂದ ಹುಡುಗಿಯನ್ನು ಕಂಡರೆ, "ದೊಡ್ಡಾಕಿ ಆಗಿಯೇನು? ಹಂಗಾರ ಬಿಳೇದು ಒಯ್ಯಬ್ಯಾಡ" ಎಂದು ಗಂಡಸರು ಕೂತಿರುವಾಗಲೇ ಹೇಳಿಬಿಡುತ್ತಿದ್ದರು. ಹುಡುಗಿ ಬಟ್ಟೆ ಬಿಟ್ಟು ಓಡುತ್ತಿದ್ದಳು. ಅಕ್ಕ ಅದೇ ಬಟ್ಟೆಯನ್ನು ಬಣ್ಣ ಬದಲಿಸಿ ಮನೆಗೆ ಕಳಿಸುತ್ತಿದ್ದರು. ಸುತ್ತಲಿನ ಹಳ್ಳಿಗಳ ಮದುವೆಯ ಜವಳಿ ಹೆಚ್ಚಾಗಿ ಅವರಲ್ಲೇ ಆಗುತ್ತಿತ್ತು. ಮದುವೆಯಲ್ಲಿ ಮುಂದೆ ನಿಲ್ಲಬಾರದವರ ಕೈಯಿಂದಲೇ ಮದುವೆಯ ಸೀರೆ ಬರಬೇಕು, ಅದನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರ ಅಂಗಡಿಗಿಂತ ಅಗ್ಗ ಬೇರೆಲ್ಲೂ ಸಿಗುತ್ತಿರಲಿಲ್ಲವಲ್ಲ.

ಈಗ ನಿಮಗೆ ಗೊತ್ತಿಲ್ಲದ ಒಂದು ಪದ್ಧತಿಯನ್ನು ಹೇಳಬೇಕು. ಆಗ ನಮ್ಮ ಕಡೆ ಮದುವೆಗೆ ಹೊರಟ ಹೆಂಗಸರು ಹಿಂದಿನ ದಿನದಿಂದಲೇ ನೀರು ಕಡಿಮೆ ಮಾಡುತ್ತಿದ್ದರು. ಮದುವೆ ಮನೆಯಲ್ಲಿ ಗೋಧಿ ಹುಗ್ಗಿ ಉಂಡರೂ ಮಜ್ಜಿಗೆ ಕುಡಿಯುತ್ತಿರಲಿಲ್ಲ. ಯಾರಾದರೂ ಒತ್ತಾಯಿಸಿದರೆ "ಇವತ್ತು ವ್ರತ ಐತಿ" ಎನ್ನುತ್ತಿದ್ದರು. ಯಾವ ದೇವರ ವ್ರತವೂ ಅಲ್ಲ ಅದು. ಹಗಲಲ್ಲಿ ಹೋಗಲು ಜಾಗವಿಲ್ಲ, ಅಷ್ಟೇ. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಮದುಮಗಳಿಗಂತೂ ತಾಯಿಯೇ ನೀರು ಕೊಡುತ್ತಿರಲಿಲ್ಲ. ಒಮ್ಮೆ ಹಂಪಸಾಗರದ ಒಬ್ಬ ಮದುಮಗಳು ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಕಣ್ಣು ಕತ್ತಲೆ ಬಂದು ಕುಸಿದಳು. ದೃಷ್ಟಿ ತಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹಿಂದೆ ನಿಂತಿದ್ದ ಅಕ್ಕ, "ದೃಷ್ಟಿಯಲ್ಲ, ನೀರಡಿಕಿ. ಮೆಣಸಿನಕಾಯಿ ಸುಟ್ಟರ ಹೋಗಾಂಗಿಲ್ಲ" ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ನಾನು ಬಂದ ಮೂರನೆಯ ವರ್ಷವೋ ಏನೋ, ಎಪ್ಪತ್ತರ ದಶಕದ ಮೊದಲಲ್ಲಿ, ಊರ ವರ್ತಕರೆಲ್ಲ ಸೇರಿ ಕಲ್ಯಾಣ ಮಂಟಪ ಕಟ್ಟಿಸಿದರು. ಅಲ್ಲಿಯವರೆಗೆ ಮನೆಯ ಮುಂದೆ ಹಂದರ ಹಾಕಿ ಮದುವೆ ಮಾಡುವುದೇ ರೂಢಿ. ಊರ ಹೊರಗಿನ ಈ ಮಂಟಪವೇ ನಮ್ಮ ಸುತ್ತಿಗೆಲ್ಲ ದೊಡ್ಡದು. ನಿಮ್ಮ ತಾತ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಅಕ್ಷರ ದುಂಡಗಿದ್ದದ್ದರಿಂದ ಮಂಟಪದ ಕಮಿಟಿಯ ಬರವಣಿಗೆ, ಬೋರ್ಡು ಬರೆಯುವುದು ಎಲ್ಲ ಅವರದೇ. ಅಧ್ಯಕ್ಷರು ಒಬ್ಬ ಶೇಂಗಾ ಮಿಲ್ಲಿನ ಸಾವುಕಾರರು. ಕಟ್ಟಡ ಮುಗಿದಾಗ ಬಂದ ಬಂದವರನ್ನೆಲ್ಲ ಕರೆದೊಯ್ದು ತೋರಿಸುತ್ತಿದ್ದರು. ಅಕ್ಕ ನನ್ನನ್ನೂ ಜೊತೆಗೆ ಎಳೆದುಕೊಂಡು ನೋಡಲು ಹೋದರು.

ನಿಜವಾಗಿಯೂ ನೋಡುವಂತಿತ್ತು. ಸೂರಿನಿಂದ ಇಳಿಬಿದ್ದ ಉದ್ದ ಕಡ್ಡಿಯ ಫ್ಯಾನುಗಳು. ಸಿಮೆಂಟಿನ ಕಮಲವಿದ್ದ ವೇದಿಕೆ. ಬೀಗರಿಗೆ ಆಳೆತ್ತರದ ಕನ್ನಡಿಯ ಕೋಣೆ. ಊಟದ ಮನೆಯಲ್ಲಿ ನುಣ್ಣಗಿನ ಕಡಪಾ ಕಲ್ಲಿನ ಮೇಜು, ಗಾಳಿ ಆಡಲೆಂದು ಹಿಂಬದಿಗೆ ಸಾಲು ಕಿಟಕಿ. ಮೈಕು, ಟ್ಯೂಬ್‌ಲೈಟು. ಹಿಂದಿನ ಬಯಲಿನಲ್ಲಿದ್ದ ಜಾಲಿಯನ್ನೆಲ್ಲ ಕಡಿಸಿ, ಮೊರಂ ಮಣ್ಣು ಹಾಕಿಸಿ, ಗಾಡಿ ಲಾರಿ ನಿಲ್ಲಲು ಹಸನು ಮಾಡಿದ್ದರು. ಎತ್ತುಗಳಿಗೆ ನೆರಳಿನ ಚಪ್ಪರವೂ ಇತ್ತು.

"ನೋಡ್ರಿ ಅಕ್ಕಾರ, ಬಳ್ಳಾರ್ಯಾಗೂ ಇಂಥದ್ದು ಒಂದೋ ಎರಡೋ" ಎಂದರು ಸಾವುಕಾರರು.

"ಛಲೋ ಐತಿ ಸಾವ್ಕಾರ್ರ. ಎತ್ತಿಗೆ ನೆಳ್ಳು ಮಾಡ್ಸೀರಿ, ಲಾರಿಗೆ ಜಾಗ ಮಾಡ್ಸೀರಿ. ಹೆಣ್ಮಕ್ಕಳು ಎಲ್ಲಿಗೆ ಹೋಗಬೇಕು?"

"ಎಲ್ಲಿಗೆ ಅಂದ್ರ?"

"ಹೊರಕಡಿಗೆ."

ಜೊತೆಗಿದ್ದ ಗಂಡಸರೆಲ್ಲ ಫ್ಯಾನು ನೋಡತೊಡಗಿದರು. ನಾನು ಕಂಬದ ಹಿಂದೆ ಸರಿದೆ.

"ಹಿಂದ ಅಷ್ಟು ದೊಡ್ಡ ಬಯಲು ಐತಲ್ರಿ."

"ಬಯಲೈತಿ, ಮರೆ ಎಲ್ಲೈತಿ? ಜಾಲಿ ನೀವ ಕಡಿಸೀರಿ."

"ಮಂಗಳಕಾರ್ಯ ನಡಿಯೋ ಜಾಗದಾಗ ಪಾಯಿಖಾನಿ ಕಟ್ಟಿಸಿದ್ರ ಯಾರು ಬರ್ತಾರವ್ವ ಮದುವಿ ಮಾಡಾಕ?"

"ಮಂಗಳಕಾರ್ಯಕ್ಕ ಬರೋರು ಮನಶ್ಯಾರ ಹೌದಲ್ಲೋ? ಅವರಿಗೂ ಹೊಟ್ಟಿ ಅದಾವು."

ಸಾವುಕಾರರು ಕೆಮ್ಮಿದರು. "ಮುಂದ ನೋಡೂಣು" ಎಂದರು. ಆಮೇಲೆ ಅಕ್ಕ ಕಮಿಟಿಯ ಯಾರೇ ಅಂಗಡಿಗೆ ಬಂದರೂ ಅದೊಂದನ್ನೇ ಕೇಳುತ್ತಿದ್ದರು. ಆ ಗಂಡಸರು ಬಜಾರಿನ ಆ ತಿರುವನ್ನು ಬಿಟ್ಟು ಬೇರೆ ದಾರಿ ಹಿಡಿದರು.

ಮಂಟಪದಲ್ಲಿ ಮೊದಲ ಮದುವೆ ಸಾವುಕಾರರ ಮಗಳದೇ. ಗಂಡಿನವರು ಹರಪನಹಳ್ಳಿಯ ಕಡೆಯವರು, ಲಾರಿ ಮಾಡಿಕೊಂಡು ಬಂದಿದ್ದರು. ನಾನು ಐದು ತಿಂಗಳ ಬಸುರಿ. ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ, ಆದರೂ ಅಕ್ಕಿಕಾಳು ಬಿದ್ದು ಊಟ ಶುರುವಾಗುವ ಹೊತ್ತಿಗೆ ತಡೆಯಲಾಗಲಿಲ್ಲ. ಬಸುರಿನಲ್ಲಿ ಹಾಗೆಯೇ. ಹಿಂಬಾಗಿಲ ಬಳಿ ನಿಂತಿದ್ದ ಅಕ್ಕ ನನ್ನ ಮುಖ ನೋಡಿದರು. "ಬಾ" ಎಂದರು.

ಬಯಲು ಅಂಗೈಯಂತಿತ್ತು. ಮರೆ ಎಂದರೆ ಗಂಡಿನವರ ಲಾರಿಯೊಂದೇ. ಅದರ ಆಚೆ ಬದಿಗೆ ಆಗಲೇ ನಾಲ್ಕು ಹೆಂಗಸರು ಬೆನ್ನು ತಿರುಗಿಸಿ ಕೂತಿದ್ದರು. ಅಕ್ಕ ಮತ್ತು ನಾನು ಸೇರಿ ಆರು ಜನ. ಲಾರಿಯ ಈಚೆ ಊಟದ ಮನೆಯ ಆ ಸಾಲು ಕಿಟಕಿಗಳು. ಒಳಗೆ ಗಂಡಸರ ಪಂಕ್ತಿ. ನಿಮ್ಮ ತಾತ ಸಾರಿನ ಬಕೀಟು ಹಿಡಿದು ಬಡಿಸುತ್ತಿದ್ದ ದನಿ ನನಗೆ ಕೇಳುತ್ತಿತ್ತು.

ಲಾರಿ ಒಮ್ಮೆ ಗುಡುಗಿತು. ನಾವು ಏಳುವ ಮೊದಲೇ ಹೊರಟೇ ಹೋಯಿತು. ಬಾಳೆಲೆ ಸಾಲದೆ ತರಲು ಡ್ರೈವರನನ್ನು ಕಳಿಸಿದ್ದರಂತೆ. ಪಾಪ, ಆತನಿಗೇನು ಗೊತ್ತು.

ಆಗ ನಾವು ಮಾಡಿದ್ದು ಒಂದೇ. ಐದೂ ಜನ ಸೆರಗನ್ನು ಮುಖದ ಮೇಲೆ ಎಳೆದುಕೊಂಡೆವು. ಬೇರೆ ಏನನ್ನೂ ಮುಚ್ಚಿಕೊಳ್ಳಬೇಕೆಂದು ಹೊಳೆಯಲಿಲ್ಲ. ಮುಖ ಕಾಣದಿದ್ದರೆ ಸಾಕು, ಯಾರ ಮನೆಯವಳು ಎಂದು ತಿಳಿಯದಿದ್ದರೆ ಸಾಕು. ಊಟದ ಮನೆ ಗಪ್ಪಾಯಿತು. ಆಮೇಲೆ ಯಾರೋ ಒಬ್ಬ ಕಿಸಕ್ಕೆಂದ.

ಸೆರಗಿನ ಸಂದಿಯಿಂದ ನಾನು ಅಕ್ಕನನ್ನು ನೋಡಿದೆ. ಅವರು ಮುಖ ಮುಚ್ಚಿಕೊಂಡಿರಲಿಲ್ಲ. ನಿಧಾನಕ್ಕೆ ಎದ್ದರು. ಸೀರೆ ಸರಿಮಾಡಿಕೊಂಡರು. ತಲೆಯ ಮೇಲಿನ ಸೆರಗನ್ನೂ ತೆಗೆದು ನಡುವಿಗೆ ಸಿಕ್ಕಿಸಿದರು. ತಂಬಿಗೆ ಎತ್ತಿಕೊಂಡು, ಹಿಂಬಾಗಿಲು ಹತ್ತಿರವಿದ್ದರೂ ಆ ಕಡೆ ಹೋಗದೆ, ಕಿಟಕಿಗಳ ಉದ್ದಕ್ಕೂ ಒಂದೊಂದನ್ನೇ ದಾಟುತ್ತ ನಡೆದರು. ಒಳಗಿನ ಕಣ್ಣುಗಳೆಲ್ಲ ಅವರ ಹಿಂದೆಯೇ ಹೋದವು. ನಾವು ಐದು ಜನ ಮುಖದ ಸೆರಗು ತೆಗೆಯದೆಯೇ ಎದ್ದು ನೀರಿನ ಟಾಕಿಯ ಹಿಂದಕ್ಕೆ ಓಡಿದೆವು. ಅವರು ಯಾಕೆ ಆ ದೂರದ ದಾರಿ ಹಿಡಿದರು ಎಂಬುದು ನನಗೆ ಟಾಕಿಯ ಹಿಂದೆ ನಿಂತು ಏದುಸಿರು ಬಿಡುವಾಗ ಹೊಳೆಯಿತು.

ಊಟದ ಮನೆಯೊಳಗೆ ಅವರ ದನಿ ಕೇಳಿಸಿತು. ಬಟ್ಟೆ ಹರಿದಂತೆ ಇತ್ತು.

"ಉಣ್ರಿ, ಉಣ್ರಿ. ಯಾಕ ಕೈ ನಿಂತಾವು? ನಾನು ಹೊರಕಡಿಗೆ ಹೋಗಿದ್ದೆ. ನನ್ನ ಮಾರಿ ಚಂದಾಗಿ ನೋಡಿಕೊಳ್ರಿ. ಉಳಿದವರು ಯಾರು ಅಂತ ತಿಳ್ಕೊಬೇಕಂದ್ರ ತಮ್ಮ ತಮ್ಮ ಮನಿಗೆ ಹೋಗಿ ಕೇಳ್ರಿ."

ಆ ದಿನ ಸಂಜೆ ನಿಮ್ಮ ತಾತ ಮನೆಗೆ ಬಂದು ಅಂಗಿ ಕಳಚುತ್ತ, "ಆಕಿಗೆ ಏನು ಎದಿಗಾರಿಕಿ ಅಂತೀನಿ. ಉಳಿದ ಐದು ಮಂದಿ ಯಾರೋ, ಯಾರ ಮನಿಯವರೋ. ಅವರ ಗಂಡಂದಿರು ನಾಳಿ ತಲಿ ಎತ್ತಿ ಹೆಂಗ ಅಡ್ಡಾಡಬೇಕು" ಎಂದರು. ಅತ್ತೆ, "ಗಂಡ ಸತ್ತಾಕಿ ಮದುವಿಗೆ ಬಂದದ್ದ ತಪ್ಪು" ಎಂದರು. ನಾನು ರೊಟ್ಟಿ ತಿರುವಿ ಹಾಕುತ್ತಿದ್ದೆ. ಕೈ ಸುಟ್ಟಿತು.

ಐದು ಜನ ಯಾರೆಂದು ಊರಿಗೆ ತಿಳಿಯಲಿಲ್ಲ. ಊರಿಗೆ ಅದು ಬೇಕಾಗಲೂ ಇಲ್ಲ, ಅಕ್ಕ ಸಿಕ್ಕಿದ್ದರಲ್ಲ. ಅವರಿಗೆ 'ಲಾರಿ ಅಕ್ಕ' ಎಂದು ಹೆಸರಿಟ್ಟರು. ಬಜಾರಿನಲ್ಲಿ ಅವರು ಹೋಗುವಾಗ ಪಡ್ಡೆ ಹುಡುಗರು ಬಾಯಲ್ಲಿ ಲಾರಿಯ ಹಾರ್ನು ಊದುತ್ತಿದ್ದರು. ನೀವು ಚಿಕ್ಕವರಿದ್ದಾಗ ನಮ್ಮ ಓಣಿಯ ಮುದುಕರು 'ಲಾರಿ ಅಕ್ಕನ ಅಂಗಡಿ' ಎನ್ನುವುದನ್ನು ಕೇಳಿರಬೇಕು. ಲಾರಿ ಇಟ್ಟಿದ್ದರೇನೋ ಎಂದುಕೊಂಡಿದ್ದಿರಿ. ಅವರ ನಿಜವಾದ ಹೆಸರನ್ನು ನಾನು ಇಲ್ಲಿ ಬರೆದರೆ ಆ ಲಾರಿಯೂ ಅದರ ಹಿಂದೆ ಬರುತ್ತದೆ. ಬೇಡ.

ಮದುವೆಯ ಜವಳಿಗೆ ಬರುವವರು ನಿಂತರು. ಅಂಥವರ ಅಂಗಡಿಯ ಸೀರೆಯನ್ನು ಮದುಮಗಳಿಗೆ ಉಡಿಸುವುದು ಹೇಗೆ ಎಂದರು. ಕೊಟ್ಟೂರಿಗೆ, ಹರಪನಹಳ್ಳಿಗೆ ಹೋಗಿ ತಂದರು. ಅಕ್ಕ ಶಾಲೆ ಮಕ್ಕಳ ಅಂಗಿ ಚಡ್ಡಿಯ ಬಟ್ಟೆ, ಚಾದರ, ದಿಂಬಿನ ಚೀಲದ ಬಟ್ಟೆ ಇಟ್ಟುಕೊಂಡು ಕೂತರು. ಗಾಜಿನ ಕಪಾಟಿನಲ್ಲಿದ್ದ ರೇಷ್ಮೆ ಸೀರೆಗಳು ಮಡಿಕೆಯಲ್ಲೇ ಬಣ್ಣ ಬಿಟ್ಟವು. ನಾನು ಹೋದಾಗ ನನ್ನ ಹೊಟ್ಟೆ ನೋಡಿ, "ನೀರು ಕುಡೀತೀಯಿಲ್ಲೋ?" ಎಂದು ಕೇಳುತ್ತಿದ್ದರೇ ಹೊರತು ಬೇರೆ ಮಾತೆತ್ತುತ್ತಿರಲಿಲ್ಲ. ನನ್ನಿಂದ ಅವರ ಮುಖ ನೋಡಲಾಗುತ್ತಿರಲಿಲ್ಲ.

ಒಂದು ಭಾನುವಾರ ನಿಮ್ಮ ತಾತ ಕಟ್ಟೆಯ ಮೇಲೆ ಬಿಳಿ ತಗಡು ಇಟ್ಟುಕೊಂಡು ಕೆಂಪು ಬಣ್ಣದಲ್ಲಿ ಬೋರ್ಡು ಬರೆಯುತ್ತಿದ್ದರು. ನಾನು ಚಹಾ ಕೊಡಲು ಹೋದೆ. ಕಮಿಟಿಯವರು ಆ ಬಯಲಿನಲ್ಲಿ ಹಾಕಿಸಲು ಹೇಳಿದ ಬೋರ್ಡು ಅದು. 'ಹೆಂಗಸರು ಮಂಟಪದ ಹಿಂಭಾಗಕ್ಕೆ ಹೋಗಬಾರದು' ಎಂದು ಬರೆಯಬೇಕಿತ್ತು. ಮೊದಲ ಪದ ಮುಗಿದಿತ್ತು. 'ಹೆಂಗಸರು' ಎಂಬ ಅಕ್ಷರಗಳು ಎಷ್ಟು ಚೆಂದ ದುಂಡಗೆ ಬಂದಿದ್ದವೆಂದರೆ ನನಗೆ ಅಳು ಬಂತು.

"ರೀ" ಎಂದೆ.

"ಏನು?"

"ಅದನ್ನ ಬರೀಬ್ಯಾಡ್ರಿ."

"ಕಮಿಟಿ ಹೇಳೈತಿ. ಯಾಕ ಬರೀಬಾರದು?"

"ಅವತ್ತು ಆ ಲಾರಿ ಹಿಂದ ನಾನೂ ಇದ್ದೆ."

ಕುಂಚದಿಂದ ಒಂದು ಹನಿ ತಗಡಿನ ಮೇಲೆ ಬಿತ್ತು. ಅವರು ಅದನ್ನು ಒರೆಸಲಿಲ್ಲ. ಚಹಾ ಆರಿತು. ಆಮೇಲೆ, "ಅವ್ವಗ ಗೊತ್ತೈತೇನು?" ಎಂದು ಕೇಳಿದರು.

"ಇಲ್ಲ. ಅಕ್ಕ ಒಬ್ಬರಿಗೇ ಗೊತ್ತು."

"ಇಷ್ಟು ದಿನ ಆಕಿ ಯಾರ ಮುಂದೂ..."

"ಅಂದಿಲ್ಲ."

ಅವರು ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆದಿಟ್ಟರು. ಆ ವಾರವೆಲ್ಲ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. ನಾನು ನೀಡಿದ್ದನ್ನು ತಲೆ ತಗ್ಗಿಸಿ ಉಂಡು ಎದ್ದು ಹೋಗುತ್ತಿದ್ದರು. ಅವರಿಗೆ ನನ್ನ ಮೇಲೆ ಹೇಸಿಗೆ ಬಂದಿದೆ ಎಂದುಕೊಂಡೆ. ಅವರು ನನಗಿಂತ ಹೆಚ್ಚು ನಾಚಿಕೊಂಡಿದ್ದರು ಎಂಬುದು ಕಮಿಟಿಯ ಸಭೆಯ ದಿನ ತಿಳಿಯಿತು. ಅಲ್ಲಿದ್ದವರೊಬ್ಬರ ಹೆಂಡತಿ ನನಗೆ ಹೇಳಿದ್ದು ಇದು. ಸಾವುಕಾರರು "ಬೋರ್ಡು ಏನಾತು?" ಎಂದಾಗ ನಿಮ್ಮ ತಾತ ಆ ಅರ್ಧ ಬರೆದ ತಗಡನ್ನು ಎದುರಿಗಿಟ್ಟು ಎದ್ದು ನಿಂತರಂತೆ.

"ಇದನ್ನ ಪೂರಾ ಮಾಡಾಕ ನನ್ನ ಕೈಲೆ ಆಗಾಂಗಿಲ್ಲ ಸಾವ್ಕಾರ್ರ. ಅವತ್ತು ನಮ್ಮ ಮನಿಯಾಕಿನೂ ಅಲ್ಲಿದ್ಲು. ಬಸರಿ ಅದಾಳ. ಆಕಿ ಎಲ್ಲಿಗೆ ಹೋಗಬೇಕು ಅಂತ ನೀವು ಹೇಳಿದ್ರ, ಅದನ್ನ ಬರೀತೀನಿ."

ಅನ್ನ ಹಾಕುವ ಧಣಿಗಳ ಎದುರಿಗೆ ಗುಮಾಸ್ತನೊಬ್ಬ ಹೆಂಡತಿಯ ಮಾನವನ್ನು ತಾನೇ ತೆಗೆದಿಡುವುದು ಎಂದರೇನು, ಇಂದು ನಿಮಗೆ ತಿಳಿಯಲಿಕ್ಕಿಲ್ಲ. ಸಾವುಕಾರರು ಟೋಪಿ ಹಾಕಿಕೊಂಡು ಮನೆಗೆ ಹೋದರು. ಮನೆಯಲ್ಲಿ ಅವರು ಏನು ಕೇಳಿದರೋ, ಅವರ ಹೆಂಡತಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಟಾಕಿಯ ಕಡೆ ಓಡುವಾಗ ನನ್ನ ಮುಂದಿದ್ದ ಸೀರೆಯ ಜರಿ ಅಂಚು ಮಾತ್ರ ನನಗೆ ಗೊತ್ತಿತ್ತು. ಆ ಮದುವೆಯಲ್ಲಿ ಅಂಥ ಸೀರೆ ಉಟ್ಟವರು ಹೆಣ್ಣಿನ ತಾಯಿಯೊಬ್ಬರೇ. ಮುಂದಿನ ವಾರ ಮಂಟಪದ ಹಿಂದೆ ಗೋಡೆ ಕಟ್ಟಲು ಕಲ್ಲು ಬಂದು ಬಿತ್ತು.

ಅಕ್ಕ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಹಿತ್ತಲ ಬಾಗಿಲಿನಿಂದ ಬಂದವರೇ ಬೈದರು.

"ನಿನ್ನ ಗಂಡಗ ಬುದ್ಧಿ ಐತೇನು? ನಾ ಮುಚ್ಚಿದ್ದನ್ನ ಆತ ಯಾಕ ತೆರದ? ಒಂದು ಮಾರಿ ಸಾಕಿತ್ತಲ್ಲ. ಈಗ ನಿನಗೂ ಹಾರ್ನ್ ಹೊಡಿತಾರ ನೋಡು."

ಅವರು ಹೇಳಿದ್ದು ಸುಳ್ಳಾಗಲಿಲ್ಲ. ನಾನು ನಳದ ಕಟ್ಟೆಗೆ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಅತ್ತೆ ತಿಂಗಳೊಪ್ಪತ್ತು ನನ್ನ ಕೈಯ ನೀರು ಮುಟ್ಟಲಿಲ್ಲ. ಹೆರಿಗೆಗೆ ತಂಬ್ರಹಳ್ಳಿಗೆ ಹೋದದ್ದೇ ಬಿಡುಗಡೆಯಾಯಿತು. ಬೈದು ಮುಗಿಸಿ ಹೊರಟ ಅಕ್ಕ ಬಾಗಿಲಲ್ಲಿ ನಿಂತು, "ಹೋಗ್ಲಿ ಬಿಡು. ಗ್ವಾಡಿ ಏಳ್ತೈತಲ್ಲ" ಎಂದರು. ಮುಖ ಆ ಕಡೆ ಇತ್ತು, ನಗುತ್ತಿದ್ದರೋ ಏ‌ನೋ ಕಾಣಲಿಲ್ಲ.

ಗೋಡೆ ಎದ್ದಿತು. ಬಾಗಿಲಿನ ನಾಲ್ಕು ಕೋಣೆಗಳಾದವು. ಬೋರ್ಡು ಬೇಕಲ್ಲ ಎಂದಾಗ ಕಮಿಟಿಯವರು ಆ ಅರ್ಧ ಬರೆದ ತಗಡನ್ನೇ ಮೊಳೆ ಹೊಡೆದು ಹಾಕಿದರು. 'ಹೆಂಗಸರು' ಎಂಬ ದುಂಡಕ್ಷರ, ಪಕ್ಕದಲ್ಲಿ ಒರೆಸದ ಕೆಂಪು ಹನಿ. ಆದರೆ ಹೊರಬಾಗಿಲಿಗೆ ಬೀಗ ಜಡಿದರು, ಹೊಲಸಾಗಬಾರದು ಎಂದು. ಬೀಗದಕೈ ಮುಂದಿನ ಗೇಟಿನಲ್ಲಿ ಕೂತ ವಾಚ್‌ಮನ್ ಹತ್ತಿರ. ಹೆಣ್ಣುಮಕ್ಕಳು ಗಂಡಸರ ಗುಂಪನ್ನು ದಾಟಿ ಹೋಗಿ ಒಬ್ಬ ಗಂಡಸನ್ನು ಬೀಗದಕೈ ಕೇಳಬೇಕು. ಯಾರು ಕೇಳುತ್ತಾರೆ? ಎರಡು ಮದುವೆ ಆಗಿಹೋದವು, ಬೀಗ ತೆಗೆಯಲಿಲ್ಲ. ಹೆಂಗಸರು ಮತ್ತೆ 'ವ್ರತ' ಹಿಡಿದರು.

ಮೂರನೆಯ ಮದುವೆಯ ದಿನ ಅಕ್ಕ ಕರೆಯದೆಯೇ ಹೋದರು. ವಾಚ್‌ಮನ್ ಎದುರು ಕೈ ಚಾಚಿದರು. "ಕೊಡೋ ತಮ್ಮಾ. ನನಗ ಇನ್ನ ಹೋಗೋ ಮಾನ ಉಳಿದಿಲ್ಲ. ಬೀಗದಕೈ ನನ್ನ ನಡದಾಗ ಇರ್ಲಿ." ಆತ ಕೊಟ್ಟ. ಹಿಂಬಾಗಿಲ ಬಳಿ ಒಂದು ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತರು. ಪಕ್ಕದಲ್ಲಿ ಕುಡಿಯುವ ನೀರಿನ ಕೊಡ, ಮೇಲೊಂದು ಲೋಟ. ಅಲ್ಲಿಂದ ಹದಿನೆಂಟು ವರ್ಷ ಆ ಮಂಟಪದಲ್ಲಿ ಎಷ್ಟು ಮದುವೆಯಾದವೋ, ಆ ಕುರ್ಚಿ ಖಾಲಿ ಇರಲಿಲ್ಲ. ಅಂಗಡಿಗೆ ಬಾಗಿಲು ಹಾಕಿ ಬರುತ್ತಿದ್ದರು. ಉಣ್ಣಲು ಬರುತ್ತಾಳೆ ಎಂದು ಆಡಿಕೊಂಡರು. ಅವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದುದು ಆಡಿಕೊಂಡವರಿಗೂ ಗೊತ್ತಿತ್ತು.

ಆ ಲಾರಿಯ ದಿನ ನನ್ನ ಹೊಟ್ಟೆಯಲ್ಲಿದ್ದ ಕೂಸೇ ನಿಮ್ಮ ಅವ್ವ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳ ಮದುವೆಯೂ ಅದೇ ಮಂಟಪದಲ್ಲಿ ಆಯಿತು. ಅಕ್ಕನನ್ನು ಮುಂದೆ ಕೂರಿಸಬೇಕೆಂದು ನನಗಿತ್ತು. ಕರೆಯಲು ಹೋದಾಗ, "ನಾ ಮುಂದ ಬಂದ್ರ ಹಿಂದ ಯಾರು ಕುಂದರ್ತಾರ? ನಿಮ್ಮ ಅತ್ತಿ ಜೀವ ತಿಂದಾಳು. ಸುಮ್ಮನ ಹೋಗು" ಎಂದರು.

ಈಗ ಹೇಳುವುದನ್ನು ಕೇಳಿ ನಿಮ್ಮ ಅವ್ವ ನಗಬಹುದು, ಅವಳಿಗೆ ನೆನಪಿದೆ. ಆ ದಿನ ಬೆಳಿಗ್ಗೆ ಅವಳು ನೀರು ಕೇಳಿದಳು. ನಾನು, "ಅಕ್ಕಿಕಾಳು ಬೀಳೋ ತನಕ ತಡಕೊ" ಎಂದೆ. ಬಾಯಿ ತಾನಾಗಿಯೇ ಅಂದುಬಿಟ್ಟಿತು. ನನ್ನವ್ವ ನನಗೆ ಅಂದ ಮಾತು ಅದು. ಹಿಂದೆ ಕೋಣೆಗಳಿವೆ, ಅಕ್ಕ ಇದ್ದಾರೆ, ಅದರ ಸಲುವಾಗಿ ಅಷ್ಟೆಲ್ಲ ಆಗಿದೆ ಎಂಬುದು ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಆದರೂ ಅಂದೆ. ಹೊತ್ತೇರಿತು. ಬೀಗರು ಬರುವುದು ತಡವಾಯಿತು. ವೇದಿಕೆಯ ಮೇಲೆ ಮಗಳ ತುಟಿ ಬಿಳುಪೇರಿತು. ಕಣ್ಣು ಮತ್ತೆ ಮತ್ತೆ ಮುಚ್ಚುತ್ತಿದ್ದಳು.

ಹಿಂಬಾಗಿಲಲ್ಲಿ ಅಕ್ಕ ಎದ್ದು ನಿಂತದ್ದು ನನಗೆ ಕಾಣಿಸಿತು. ಕೊಡ ಬಗ್ಗಿಸಿ ಲೋಟ ತುಂಬಿಸಿಕೊಂಡರು. ಆಮೇಲೆ ಹಾಲಿನ ನಡುವಿನ ಹಾದಿಯಲ್ಲಿ ನಡೆದು ಬಂದರು. ಆ ಮಂಟಪದಲ್ಲಿ ಅವರು ಆ ಹಾದಿ ತುಳಿದದ್ದು ಅದೇ ಮೊದಲು. ವಾಲಗದವರು ಊದುವುದನ್ನು ನಿಲ್ಲಿಸಿದರು. ಬಳೆಯಿಲ್ಲದ ಕೈಯವರು ತಾಳಿ ಕಟ್ಟುವ ಮೊದಲು ವೇದಿಕೆ ಹತ್ತುತ್ತಿದ್ದಾರೆ. ಅತ್ತೆ ನನ್ನ ತೊಡೆ ಚಿವುಟಿದರು. "ತಡಿ ಆಕಿನ್ನ" ಎಂದರು. ನನ್ನ ಮೈಯೆಲ್ಲ ನಾಚಿಕೆಯಿಂದ ಬೆವೆತಿತ್ತು, ಯಾರ ಸಲುವಾಗಿ ಎಂದು ನನಗೇ ತಿಳಿಯಲಿಲ್ಲ. ನಾನು ಏಳಲಿಲ್ಲ. ತಡೆಯಲೂ ಇಲ್ಲ.

ಅಕ್ಕ ಲೋಟ ಚಾಚಿದರು. "ಕುಡಿ."

ಮಗಳು ನನ್ನ ಕಡೆ ನೋಡಿದಳು.

"ನಿಮ್ಮ ಅವ್ವನ್ನ ಏನು ನೋಡ್ತಿ? ಬೀಗದಕೈ ನನ್ನ ನಡದಾಗ ಐತಿ. ಕುಡಿ."

ನಾನು ತಲೆ ಆಡಿಸಿದೆ. ಅವಳು ಬಾಸಿಂಗ ಸರಿಸಿಕೊಂಡು ಕುಡಿದಳು. ಹಾಲು ಎಷ್ಟು ಗಪ್ಪಾಗಿತ್ತೆಂದರೆ ಅವಳು ನುಂಗುವ ಸದ್ದು ಮೈಕಿನಲ್ಲಿ ಕೇಳಿಸಿತು. ಖಾಲಿ ಲೋಟ ತೆಗೆದುಕೊಂಡು ಅಕ್ಕ ಕೆಳಗಿಳಿದರು. ಅವರು ಹಾದಿಯ ಅರ್ಧಕ್ಕೆ ಬಂದಿದ್ದಾಗ ಹೆಂಗಸರ ಸಾಲಿನಿಂದ ಒಂದು ಸಣ್ಣ ದನಿ ಬಂತು.

"ಅಕ್ಕಾ, ಇತ್ತಾಗೂ ಒಂದೀಟು ನೀರು ತರ್ರಿ."

ಶೇಂಗಾ ಮಿಲ್ಲಿನ ಸಾವುಕಾರರ ಹೆಂಡತಿ. ಅಂದವರು ಕೂಡಲೇ ತಲೆ ತಗ್ಗಿಸಿದರು. ಆಮೇಲೆ ಅವರ ಪಕ್ಕದವರು ಕೇಳಿದರು. ಅದರ ಹಿಂದಿನ ಸಾಲಿನವರು ಕೇಳಿದರು. ಅಕ್ಕ ಕೊಡವನ್ನೇ ಎತ್ತಿ ತಂದರು. "ಇಷ್ಟು ಮಂದಿದು ಇವತ್ತು ವ್ರತ ಇಲ್ಲೇನು?" ಎಂದು ಕೇಳಿದರು. ಯಾರೋ ನಕ್ಕರು, ಇನ್ನೊಬ್ಬರು ನಕ್ಕರು. ನಮ್ಮ ಅತ್ತೆ ಕೊನೆಗೆ ಕೈ ಚಾಚಿದರು.

ಮರುವರ್ಷ ಅಕ್ಕ ತೀರಿಕೊಂಡರು. ಮಣ್ಣಿಗೆ ಬಂದ ಜನರಲ್ಲಿ ಹೆಂಗಸರೇ ಹೆಚ್ಚು. ಆ ದಿನವೂ ಹಿಂದೆ ನಿಂತ ಒಬ್ಬ ಹುಡುಗ ಬಾಯಲ್ಲಿ ಹಾರ್ನು ಊದಿದ, ಅವನಪ್ಪನಿಂದ ಕಲಿತದ್ದು. ಯಾರೂ ಅವನಿಗೆ ಹೊಡೆಯಲಿಲ್ಲ. ನಾನೂ ಸುಮ್ಮನಿದ್ದೆ. ಮಂಟಪ ಈಗಿಲ್ಲ, ಅಲ್ಲಿ ಅಂಗಡಿ ಸಾಲು ಎದ್ದಿದೆ.

ಹುಬ್ಬಳ್ಳಿಯ ಆ ಪುಸ್ತಕದಲ್ಲಿ ಹೆಣ್ಣುಮಕ್ಕಳ ಜಾಗವನ್ನು ಮಹಡಿಗೆ ಎರಡರಂತೆ ತೋರಿಸಿದ್ದಾರೆಂದು ನೀನು ಆಮೇಲೆ ಬಂದು ಹೇಳಿದೆ. ಬೀಗ ಇಲ್ಲ ಎಂದೂ ಹೇಳಿದೆ. ಒಳ್ಳೆಯದಾಯಿತು. ನನ್ನನ್ನು ಮುಂದಿನ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ ಕೂರಿಸುತ್ತೇವೆ ಎಂದಿರಿ. ಬೇಡ, ನನಗೆ ಹಿಂಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿ. ಪಕ್ಕದಲ್ಲಿ ಒಂದು ತಂಬಿಗೆ ನೀರು ಇಟ್ಟುಕೊಂಡಿರುತ್ತೇನೆ. ಬಾಯಾರಿದರೆ ಈ ಕಡೆ ನೋಡು, ಅಷ್ಟು ಸಾಕು. ಆ ಹಾದಿಯಲ್ಲಿ ಅಷ್ಟು ಜನರ ನಡುವೆ ನಡೆದು ಬರಲು ನನಗೆ ನಾಚಿಕೆಯಾಗುತ್ತದೆ. ಆದರೂ ಬರುತ್ತೇನೆ.